ಗೆದ್ದ ದಿನದ ನೋಟು

ಒಂದು ಕಥೆಯನ್ನು ನಾನು ಕಡಿಮೆಯೆಂದರೂ ಇಪ್ಪತ್ತು ಸಲ ಹೇಳಿದ್ದೇನೆ. ಕ್ಲಾರ್ಕ್ಸ್‌ಬರ್ಗ್‌ನ ನಮ್ಮ ಮನೆಗೆ ಊಟಕ್ಕೆ ಬಂದವರಿಗೆ, ಆಫೀಸಿನಲ್ಲಿ ಜೊತೆಗೆ ಕಾಫಿ ಕುಡಿಯುವವರಿಗೆ, ಒಮ್ಮೆ ವಿಮಾನದಲ್ಲಿ ಪಕ್ಕ ಕೂತಿದ್ದ ಗುರುತಿಲ್ಲದವನಿಗೂ. ಜೂಜಿನ ಮಾತು ಬಂದರೆ ಸಾಕು, ಅದು ತಾನಾಗಿಯೇ ಬಾಯಿಗೆ ಬರುತ್ತಿತ್ತು.

2021ರ ಏಪ್ರಿಲ್. ನನ್ನ ಹೆಂಡತಿಯ ಎಡಗಣ್ಣಿನ ಪೊರೆ ತೆಗೆಸಬೇಕಿತ್ತು. ಕೋವಿಡ್ ಇನ್ನೂ ಇದ್ದ ಕಾಲ, ಜೊತೆಗೆ ಹೋದವರು ಒಳಗೆ ಕೂರುವ ಹಾಗಿರಲಿಲ್ಲ. ನರ್ಸ್ ಬಾಗಿಲಲ್ಲೇ ಅವಳ ಕೈ ಹಿಡಿದುಕೊಂಡು, ನನ್ನ ಫೋನ್ ನಂಬರ್ ಬರೆದುಕೊಂಡು, ಎರಡೂವರೆ ಗಂಟೆ ಆಗಬಹುದು, ಮುಗಿದ ತಕ್ಷಣ ಕರೆಯುತ್ತೇವೆ ಎಂದಳು. ನಾನು ನಗರ ಸುತ್ತುವ ಬೆಲ್ಟ್‌ವೇ ಹೆದ್ದಾರಿ ಹಿಡಿದು ಅರ್ಧ ಗಂಟೆ ದೂರದ, ನದಿ ದಂಡೆಯ ಕ್ಯಾಸಿನೊಗೆ ಹೋದೆ. ಬ್ಲ್ಯಾಕ್‌ಜಾಕ್ ಮೇಜು. ಆಟಗಾರರ ನಡುವೆ ಪ್ಲಾಸ್ಟಿಕ್ ಗೋಡೆಗಳು, ಎಲ್ಲರ ಮುಖಕ್ಕೂ ಮಾಸ್ಕು. ಈ ಆಟದಲ್ಲಿ ಇಸ್ಪೀಟಿನ ಎಲೆಗಳ ಮೊತ್ತ ಇಪ್ಪತ್ತೊಂದರ ಹತ್ತಿರ ಹೋಗಬೇಕು, ದಾಟಬಾರದು. ನನ್ನ ಮೊದಲ ಎರಡು ಎಲೆಗಳ ಮೊತ್ತ ಹನ್ನೊಂದು, ಎಲೆ ಹಂಚುವವಳ ಮುಂದೆ ಆರು. ಹೀಗೆ ಬಿದ್ದಾಗ ಪಣವನ್ನು ಇಮ್ಮಡಿ ಮಾಡಬೇಕು ಎಂಬುದರಲ್ಲಿ ಈ ಆಟ ಬಲ್ಲ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆಗಲೇ ಪ್ಯಾಂಟಿನ ಜೇಬಿನಲ್ಲಿ ಫೋನ್ ನಡುಗಿತು.

ನಾನು ಎದ್ದೆ. ಮುಂದಿನ ಎಲೆ ಏನೆಂದು ಕೂಡ ನೋಡಲಿಲ್ಲ. ಅವಳು ಕಣ್ಣಿನ ಮೇಲೆ ಪ್ಲಾಸ್ಟಿಕ್ ಕವಚ ಹಾಕಿಕೊಂಡು ಹೊರಗೆ ಬರುವ ಹೊತ್ತಿಗೆ ನಾನು ಬಾಗಿಲಲ್ಲಿದ್ದೆ.

"ಆಡೋದು ದೊಡ್ಡದಲ್ಲ ಸ್ವಾಮಿ, ಏಳೋದು ಕಲೀಬೇಕು" ಎಂದು ಹೇಳಿ ಕಥೆ ಮುಗಿಸುತ್ತಿದ್ದೆ. ಕೇಳಿದವರು ತಲೆಯಾಡಿಸುತ್ತಿದ್ದರು. ಹೆಂಡತಿ ಹತ್ತಿರದಲ್ಲಿದ್ದರೆ ಏನೂ ಹೇಳುತ್ತಿರಲಿಲ್ಲ. ಅವಳ ಮೌನವನ್ನು ನಾನು ಒಪ್ಪಿಗೆ ಎಂದುಕೊಂಡಿದ್ದೆ.

ನಾನು ಬದುಕಿಡೀ ಮಾಡಿದ ಕೆಲಸ ಔಷಧ ಪ್ರಯೋಗಗಳ ಅಂಕಿಅಂಶ ನೋಡುವುದು. ಮೈಸೂರಿನಲ್ಲಿ ಓದಿ, ಇಲ್ಲಿ ಬಂದು ಮತ್ತೆ ಓದಿ, ಮೂವತ್ತು ವರ್ಷ ಇದನ್ನೇ ಮಾಡಿದ್ದೇನೆ. ಯಾರಾದರೂ "ಈ ಮಾತ್ರೆಯಿಂದ ಗುಣ ಆಯ್ತು" ಎಂದರೆ, ತಗೊಂಡು ಗುಣವಾಗದವರು ಎಲ್ಲಿ ಎಂದು ಕೇಳುವುದೇ ನನ್ನ ಸಂಬಳದ ಕೆಲಸ. ಹಾಗಾಗಿ ಕ್ಯಾಸಿನೊ ಬಗ್ಗೆ ನನಗೆ ಯಾವ ಭ್ರಮೆಯೂ ಇರಲಿಲ್ಲ. ಸಾಕಷ್ಟು ಹೊತ್ತು ಆಡಿದರೆ ಎಲ್ಲರೂ ಸೋಲುತ್ತಾರೆ. ಎಷ್ಟು ನಿಧಾನವಾಗಿ ಸೋಲಬೇಕು ಎಂಬುದಷ್ಟೇ ನಮ್ಮ ಕೈಯಲ್ಲಿರುವುದು. ಸಂಗೀತ ಕಛೇರಿಗೆ ಟಿಕೆಟ್ ತೆಗೆದ ಹಾಗೆ ಅದು, ಹೋದ ದುಡ್ಡು ಹೋಯಿತು.

ಆದ್ದರಿಂದ ನಿಯಮಗಳನ್ನು ಮಾಡಿಕೊಂಡಿದ್ದೆ. ಒಂದು ಲಕೋಟೆಯಲ್ಲಿ ನಗದು, ಬ್ಯಾಂಕಿನ ಕಾರ್ಡುಗಳೆಲ್ಲ ಕಾರಿನಲ್ಲೇ. ಅಲ್ಲಿ ಗೋಡೆಗಳ ಮೇಲೆ ಗಡಿಯಾರ ಇರುವುದಿಲ್ಲ, ಅದಕ್ಕೆ ಕೈಗಡಿಯಾರ ಕಟ್ಟಿಕೊಂಡೇ ಹೋಗುತ್ತಿದ್ದೆ. ಎರಡು ಗಂಟೆ, ಮೇಲೆ ಒಂದು ನಿಮಿಷ ಇಲ್ಲ. ಪ್ರತಿ ಸುತ್ತಿಗೂ ಒಂದೇ ಪಣ, ಎಲೆಗಳು ಒತ್ತಾಯಿಸಿದಾಗ ಮಾತ್ರ ಇಮ್ಮಡಿ. ಮೂರು ಸಲ ಸತತ ಸೋತರೆ ಎದ್ದು ಹೋಗಿ ಮುಖ ತೊಳೆದು ಬರುವುದು. ಕುಡಿಯುವಂತಿಲ್ಲ. ಪಕ್ಕದವನು ಎಷ್ಟೇ ಗೆದ್ದರೂ ಅವನ ಕಡೆ ನೋಡುವಂತಿಲ್ಲ. ಗೆಲುವು ಸೋಲನ್ನು ಬರೆದಿಡುತ್ತಿರಲಿಲ್ಲ. ಬರೆದಿಡುವುದು ಚಟ ಹತ್ತಿದವರ ಲಕ್ಷಣ ಎಂದು ಯಾಕೋ ತೀರ್ಮಾನಿಸಿಬಿಟ್ಟಿದ್ದೆ. ನನಗೆ ನೆನಪಿರುತ್ತದೆ ಎಂಬ ಧೈರ್ಯವೂ ಇತ್ತು.

ಇನ್ನೊಂದು ನಿಯಮ ನನ್ನದಲ್ಲ, ಹೆಂಡತಿಯದು. ನಮ್ಮ ದೇವರ ಗೂಡಿನಲ್ಲಿ ಒಂದು ಸ್ಟೀಲ್ ಡಬ್ಬಿ ಇದೆ, ತಿರುಪತಿಯ ಮುಡಿಪಿನದು. ಅವಳು ಏನಾದರೂ ಹರಸಿಕೊಂಡರೆ ಒಂದು ನಾಣ್ಯವನ್ನೋ ನೋಟನ್ನೋ ಅರಿಶಿನ ಹಚ್ಚಿದ ಬಟ್ಟೆಯ ಚೂರಿನಲ್ಲಿ ಕಟ್ಟಿ, ಹರಕೆಗಳು ಒಂದರೊಳಗೊಂದು ಬೆರೆಯಬಾರದೆಂದು ಮೇಲೆ ಕಾಗದ ಸುತ್ತಿ, ತಾರೀಖು, ಕಾರಣ ಬರೆದು ಅದರಲ್ಲಿಡುತ್ತಾಳೆ. ಊರಿಗೆ ಹೋದಾಗ ಡಬ್ಬಿ ಹುಂಡಿಗೆ ಖಾಲಿಯಾಗುತ್ತದೆ. ನಾನು ಕ್ಯಾಸಿನೊಗೆ ಹೋಗಲು ಶುರು ಮಾಡಿದಾಗ ಅವಳು ಜಗಳವಾಡಲಿಲ್ಲ. "ಗೆದ್ದ ದಿನ ದೇವರ ಪಾಲು ಅಂತ ಒಂದು ನೋಟು ಕೊಡಿ. ಅದು ನಿಮ್ಮ ದುಡ್ಡಲ್ಲ" ಎಂದಳು. ದೇವರಲ್ಲಿ ನನಗೆ ನಂಬಿಕೆಯಿಲ್ಲ, ಆದರೆ ಮನೆಯ ಶಾಂತಿಯಲ್ಲಿದೆ. ಗೆದ್ದ ದಿನ ಇಪ್ಪತ್ತು ಡಾಲರಿನ ಒಂದು ನೋಟು ಕೊಡುತ್ತಿದ್ದೆ, ಅವಳು ಸುತ್ತಿ, "ಗೆಲುವು" ಎಂದು ಬರೆದು ಒಳಗಿಡುತ್ತಿದ್ದಳು.

ಕೋವಿಡ್ ಬಂದ ಮೇಲೆ ನಾವು ಊರಿಗೆ ಹೋಗಲಿಲ್ಲ. ಡಬ್ಬಿ ತುಂಬುತ್ತಲೇ ಹೋಯಿತು.

2022ರ ದೀಪಾವಳಿಗೆ ಜಾನ್ಸ್ ಕ್ರೀಕ್‌ಗೆ, ಹೆಂಡತಿಯ ಅಣ್ಣನ ಮನೆಗೆ ಹೋದೆವು. ಭಾವ ಎಪ್ಪತ್ತರ ದಶಕದಲ್ಲಿ ಇಲ್ಲಿಗೆ ಬಂದ ಡಾಕ್ಟರು, ಈಗ ನಿವೃತ್ತರು. ಪಾಡ್ಯದ ಮಧ್ಯಾಹ್ನ ಊಟವಾದ ಮೇಲೆ ಅವರ ಮನೆಯಲ್ಲಿ ಇಸ್ಪೀಟು ಹಾಕುವುದು ನಲವತ್ತು ವರ್ಷದ ಪದ್ಧತಿ. ಪಣಕ್ಕೆ ಕಾಲು ಡಾಲರಿನ ಕ್ವಾರ್ಟರ್ ನಾಣ್ಯಗಳು. ಅಂದು ಪಕ್ಕದ ಮನೆಯ ಗಂಡಹೆಂಡಿರೂ ಬಂದಿದ್ದರು.

"ಏನಪ್ಪಾ ಪ್ರೊಫೆಸರ್, ಆ ಕಣ್ಣಿನ ಆಪರೇಷನ್ ಕಥೆ ಹೇಳು. ಇವರು ಕೇಳಿಲ್ಲ" ಎಂದರು ಭಾವ. ನಾನು ಯಾವತ್ತೂ ಪ್ರೊಫೆಸರ್ ಆಗಿರಲಿಲ್ಲ, ಅದು ಅವರು ನನ್ನನ್ನು ಕಿಚಾಯಿಸಲು ಇಟ್ಟುಕೊಂಡ ಹೆಸರು.

ಹೇಳಿದೆ. ಹನ್ನೊಂದು, ಆರು, ನಡುಗಿದ ಫೋನು, ಎದ್ದ ನಾನು. ಪಕ್ಕದ ಮನೆಯವರು ಭೇಷ್ ಎಂದರು. ಭಾವ ಎಲೆ ಕಲಸುತ್ತಾ, ರೋಗಿಯನ್ನು ವಿಚಾರಿಸುವ ದನಿಯಲ್ಲಿ ಕೇಳಿದರು.

"ಒಂದು ಡೌಟು. ಆಮೇಲೆ ಚಿಪ್ಸ್ ಏನಾಯ್ತು?"

"ಯಾವ ಚಿಪ್ಸು?"

"ಅದೇ ಕಣಯ್ಯಾ, ಪಣಕ್ಕೆ ಅಂತ ಮೇಜಿನ ಮೇಲೆ ಬಿಲ್ಲೆ ಇಟ್ಟಿದ್ಯಲ್ಲ. ನೀನು ಎದ್ರೆ ಆಟ ನಿಲ್ಲತ್ತಾ? ಎಲೆ ಹಂಚೋಳು ಆ ಸುತ್ತು ಮುಗಿಸ್ಲೇಬೇಕು. ಗೆದ್ದಿದ್ರೆ ನಿನ್ನ ದುಡ್ಡು ಅಲ್ಲೇ ಕೂತಿರತ್ತೆ. ಇಸ್ಕೊಂಡ್ಯಾ, ಬಿಟ್ಯಾ?"

ಇಪ್ಪತ್ತು ಸಲ ಹೇಳಿದ ಕಥೆ. ಮೇಜಿನ ಹಸಿರು ಬಟ್ಟೆ ಕಾಣುತ್ತಿತ್ತು, ಆಕೆಯ ಮಾಸ್ಕಿನ ನೀಲಿ ಬಣ್ಣ ಕಾಣುತ್ತಿತ್ತು. ಚಿಪ್ಸ್ ಏನಾಯಿತು ಎಂಬ ಕಡೆ ನೋಡಿದರೆ ಅಲ್ಲಿ ಏನೂ ಇರಲಿಲ್ಲ. ಮರೆತುಹೋಗಿದೆ ಎಂದೂ ಅನಿಸಲಿಲ್ಲ. ಆ ಜಾಗವೇ ಇರಲಿಲ್ಲ.

ಹೆಂಡತಿ ಕೋಡುಬಳೆಯ ತಟ್ಟೆ ಹಿಡಿದುಕೊಂಡು ಅಡುಗೆಮನೆಯಿಂದ ಬಂದಳು. ತಟ್ಟೆಯನ್ನು ಮೇಜಿನ ಮೇಲಿಟ್ಟು, ಜೋರಾಗಿಯೂ ಅಲ್ಲ, ಮೆತ್ತಗೂ ಅಲ್ಲ, ಹೇಳಿದಳು. "ಅಣ್ಣಾ, ಇವರು ಎದ್ದು ಬರ್ಲಿಲ್ಲ. ಆಸ್ಪತ್ರೆಯವರು ಮೂರು ಸಲ ಫೋನ್ ಮಾಡಿದ್ರು. ಇವರು ಮೂರನೇ ಸಲ ಎತ್ತಿದ್ರು."

ಭಾವ ಗಹಗಹಿಸಿ ನಕ್ಕರು. "ಪ್ರೊಫೆಸರ್, ವಿಟ್ನೆಸ್ ಕೈಕೊಟ್ಳಲ್ಲಪ್ಪಾ!"

"ಒಂದೇ ಸಲ" ಎಂದೆ.

"ಸರಿ. ಒಂದೇ ಸಲ" ಎಂದಳು ಅವಳು. ಆಮೇಲೆ ಅಣ್ಣನ ಕಡೆ ತಿರುಗಿ, "ಜನವರಿಯಲ್ಲಿ ಬಲಗಣ್ಣಿನ ಆಪರೇಷನ್ ಇಟ್ಕೊಂಡಿದ್ದೀನಿ. ಈ ಸಲ ಆಲ್ಡಿಯಿಂದ ನನ್ನ ಫ್ರೆಂಡ್ ಬಂದು ಕರ್ಕೊಂಡು ಹೋಗ್ತಾಳೆ. ಹೇಳಿ ಆಗಿದೆ" ಎಂದಳು.

ಅದು ನನಗೂ ಹೊಸ ಸುದ್ದಿ. ಆಲ್ಡಿ ಎಂಬ ಊರಿನಲ್ಲಿರುವ ಆ ಗೆಳತಿ ಹುಬ್ಬಳ್ಳಿಯವಳು, ಇಂಜಿನಿಯರ್. ಅವಳು ವರ್ಜಿನಿಯಾದಿಂದ ನದಿ ದಾಟಿ, ಬೆಳಗಿನ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಡ್ರೈವ್ ಮಾಡಿ ನಮ್ಮ ಮನೆಗೆ ಬಂದು, ನನ್ನ ಹೆಂಡತಿಯನ್ನು ಕೂರಿಸಿಕೊಂಡು ಹೋಗಬೇಕು. ನಾನು ಅದೇ ಮನೆಯಲ್ಲಿ, ಅದೇ ಗ್ಯಾರೇಜಿನಲ್ಲಿ ಕಾರು ಇಟ್ಟುಕೊಂಡು ಇರುತ್ತೇನೆ.

ಭಾವ ಎಲೆ ಹಂಚಿದರು. ಆ ಸುತ್ತಿನಲ್ಲಿ ನಾನು ಏನು ಆಡಿದೆನೋ ನೆನಪಿಲ್ಲ. ಇದು ನಿಜವಾಗಿ ನೆನಪಿಲ್ಲದ್ದು.

ಮರುದಿನ ಬೆಳಿಗ್ಗೆ ಮನೆಗೆ ಹೊರಟೆವು. ಜಾನ್ಸ್ ಕ್ರೀಕ್‌ನಿಂದ ಕ್ಲಾರ್ಕ್ಸ್‌ಬರ್ಗ್‌ಗೆ ಹತ್ತು ಹನ್ನೊಂದು ಗಂಟೆಯ ದಾರಿ. ಸೌತ್ ಕ್ಯಾರೊಲಿನಾ ಮುಗಿಯುವವರೆಗೆ ಅವಳು ಹೊರಗೆ ನೋಡುತ್ತಿದ್ದಳು. ನಾನು ಮನಸ್ಸಿನಲ್ಲಿ ವಾದ ಕಟ್ಟುತ್ತಿದ್ದೆ. ಅವಳಿಗೆ ಅಂದು ಮತ್ತಿನ ಔಷಧ ಕೊಟ್ಟಿದ್ದರು. ಅಂಥ ಔಷಧ ತೆಗೆದುಕೊಂಡವರಿಗೆ ಹೊತ್ತಿನ ಅಂದಾಜು ಇರುವುದಿಲ್ಲ, ಐದು ನಿಮಿಷ ಐವತ್ತಾಗಿ ಕಾಣಬಹುದು. ಫೋನ್ ಮಾಡಿದ್ದು ಅವಳಲ್ಲ, ನರ್ಸು. ಅವಳು ಕೇಳಿಸಿಕೊಂಡದ್ದು ಬೇರೆ ಯಾರದೋ ಮನೆಗೆ ಹೋದ ಕರೆ ಇರಬಹುದು. ವಾದ ಗಟ್ಟಿಯಾಗಿತ್ತು. ಆದರೆ ಅದನ್ನು ನನ್ನ ಕಡೆಗೂ ತಿರುಗಿಸಬಹುದಿತ್ತು. ಅವಳಿಗೆ ಮತ್ತಿನ ಔಷಧ ಕೊಟ್ಟಿದ್ದರು, ಸರಿ. ನನಗೆ?

ನಾರ್ತ್ ಕ್ಯಾರೊಲಿನಾದ ಗಡಿ ದಾಟಿದ ಮೇಲೆ, ಶಾರ್ಲಟ್‌ಗೆ ಮೊದಲು, ಹೆದ್ದಾರಿಯ ಪಕ್ಕದಲ್ಲೇ ಒಂದು ಹೊಸ ಕ್ಯಾಸಿನೊ ಇದೆ. ಬರುವಾಗಲೂ ಅದರ ಬೋರ್ಡು ನೋಡಿದ್ದೆ. ಈಗ ಮತ್ತೆ ಕಾಣಿಸಿತು. ನಾನು ಕಾಲನ್ನು ಆಕ್ಸಿಲರೇಟರ್ ಮೇಲಿಂದ ತೆಗೆದೆನೋ ಇಲ್ಲವೋ ಗೊತ್ತಿಲ್ಲ. ತೆಗೆದಿರಬೇಕು, ಯಾಕೆಂದರೆ ಅವಳು ತಿರುಗಿ ನೋಡಿದಳು.

"ನಿಲ್ಲಿಸ್ಬೇಕಾದ್ರೆ ನಿಲ್ಲಿಸಿ. ನಾನು ಕಾರಲ್ಲೇ ಕೂತಿರ್ತೀನಿ. ನನಗೆ ಕಾದು ಅಭ್ಯಾಸ ಇದೆ."

"ನಾನೇನು ನಿಲ್ಲಿಸ್ತೀನಿ ಅಂದ್ನಾ?"

"ಅನ್ಲಿಲ್ಲ."

ಕ್ಯಾಸಿನೊ ಕಡೆ ತಿರುಗುವ ಎಕ್ಸಿಟ್ ಹತ್ತಿರ ಬಂತು. ಎರಡು ಕೈಯಲ್ಲೂ ಸ್ಟೀರಿಂಗ್ ಹಿಡಿದುಕೊಂಡಿದ್ದೆ. ನಿಯಮಗಳ ಪ್ರಕಾರ ಅಂದು ಹೋಗುವ ದಿನವೇ ಅಲ್ಲ. ಲಕೋಟೆ ಇರಲಿಲ್ಲ, ಹೋಗುವ ಉದ್ದೇಶವೂ ಇರಲಿಲ್ಲ. ಆದರೂ ಆ ಎಕ್ಸಿಟ್ ಹಿಂದೆ ಹೋಗುವವರೆಗೆ ನಾನು ಉಸಿರು ಬಿಡಲಿಲ್ಲ. ಸುಮಾರು ಐದು ಮೈಲಿ ಆದ ಮೇಲೆ ಅವಳು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟಳು.

"ಚಿಪ್ಸ್ ವಿಷಯ ನಿನಗೇನಾದ್ರೂ ನೆನಪಿದ್ಯಾ?" ಎಂದು ಕೇಳಿದೆ.

"ನಾನಲ್ಲಿ ಇರ್ಲಿಲ್ವಲ್ಲ ರೀ. ಇದ್ದವರು ನೀವು."

ಮನೆಗೆ ಬಂದ ಮೇಲೆ ಒಂದು ವಾರ ಅದೇ ಹುಳ ತಲೆ ಕೊರೆಯಿತು. ಫೋನ್ ಬದಲಾಗಿತ್ತು, ಹಳೆಯ ಕರೆಗಳ ಪಟ್ಟಿ ಇರಲಿಲ್ಲ. ಅಂದು ದುಡ್ಡು ಕೊಟ್ಟದ್ದೆಲ್ಲ ನಗದು, ಬ್ಯಾಂಕಿನಲ್ಲಿ ಗುರುತು ಸಿಗದು. ಆಗ ಒಂದು ಪರೀಕ್ಷೆ ಹೊಳೆಯಿತು. ಸರಳ, ಸ್ವಚ್ಛ ಪರೀಕ್ಷೆ. ಅಂಥದ್ದನ್ನು ಯೋಚಿಸಿದಾಗ ನನಗೆ ಈಗಲೂ ಒಳ್ಳೆಯ ವಿದ್ಯಾರ್ಥಿಯಾದ ಸಂತೋಷವಾಗುತ್ತದೆ. ನಾನು ಇಟ್ಟ ಪಣವನ್ನು ಮೇಜಿನ ಮೇಲೇ ಬಿಟ್ಟು ಎದ್ದಿದ್ದರೆ ಅಂದು ನಾನು ಸೋತೇ ಬಂದಿರಬೇಕು. ಅದಕ್ಕೂ ಮುಂಚಿನ ಒಂದೂವರೆ ಗಂಟೆ ಚೆನ್ನಾಗಿ ಹೋಗಿರಲಿಲ್ಲ, ಅದು ಕಥೆಯ ಭಾಗವೇ. ಹನ್ನೊಂದು ಬಂದಾಗ ಕೊನೆಗೂ ಬಂತು ಅನಿಸಿತ್ತು ಎಂದು ನಾನೇ ಹೇಳುತ್ತಿದ್ದೆ. ಸೋತ ದಿನ ದೇವರಿಗೆ ನೋಟಿಲ್ಲ. ಆದ್ದರಿಂದ ನನ್ನ ನೆನಪು ಸರಿಯಾಗಿದ್ದರೆ, ಮುಡಿಪಿನ ಡಬ್ಬಿಯಲ್ಲಿ ಆ ದಿನದ ಹೆಸರಿನಲ್ಲಿ "ಗೆಲುವು" ಎಂಬ ಪೊಟ್ಟಣ ಇರಕೂಡದು.

ಅವಳು ಮಧ್ಯಾಹ್ನ ವಾಕಿಂಗ್ ಹೋದಾಗ ಡಬ್ಬಿ ಇಳಿಸಿದೆ. ಸ್ನಾನ ಮಾಡದೆ ಅದನ್ನು ಮುಟ್ಟಬಾರದು. ನನಗೆ ಅದರಲ್ಲಿ ನಂಬಿಕೆಯಿಲ್ಲದಿದ್ದರೂ ಕೈ ತೊಳೆದುಕೊಂಡೆ. ಊಟದ ಮೇಜಿನ ಮೇಲೆ ಪೇಪರ್ ಹಾಸಿ ಎಲ್ಲವನ್ನೂ ಸುರಿದೆ. ಅರಿಶಿನದ ಪುಡಿ ಉದುರಿತು. ಮಗಳ ಕೆಲಸ, ಭಾವನ ಬೈಪಾಸ್, ಕೋವಿಡ್ ಬಂದಾಗ ನನ್ನ ಜ್ವರ, ಹೀಗೆ ನಾಣ್ಯದ ಪೊಟ್ಟಣಗಳು. ಉಳಿದವು ನೋಟಿನವು, "ಗೆಲುವು", "ಗೆಲುವು", "ಗೆಲುವು".

ತುಂಬಾ ಇದ್ದವು. ಒಂದು ಕ್ಷಣ ನನಗೆ ಹೆಮ್ಮೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಒಟ್ಟಾರೆ ನಾನು ಮುಂದಿದ್ದೇನೆ ಎಂದು ನಾನು ಯಾಕೆ ನಂಬಿದ್ದೆ ಎಂಬುದು ಆಗ ಅರ್ಥವಾಯಿತು. ಪ್ರತಿ ಬೆಳಿಗ್ಗೆ ಕಾಫಿ ಕುಡಿಯುವಾಗ ಈ ಡಬ್ಬಿ ಕಣ್ಣಿಗೆ ಬೀಳುತ್ತಿತ್ತು. ಮುಚ್ಚಳ ಸರಿಯಾಗಿ ಕೂರದಷ್ಟು ತುಂಬಿತ್ತು. ಸೋತ ದಿನಗಳು ಎಲ್ಲಿಯೂ ಇರಲಿಲ್ಲ. ಸೋತು ಬಂದಾಗ ನಾನು ಏನನ್ನೂ ಎಲ್ಲಿಯೂ ಇಡುತ್ತಿರಲಿಲ್ಲ, ಕೈ ತೊಳೆದು ಊಟಕ್ಕೆ ಕೂರುತ್ತಿದ್ದೆ. ತಗೊಂಡು ಗುಣವಾಗದವರು ಎಲ್ಲಿ ಎಂದು ಮೂವತ್ತು ವರ್ಷ ಬೇರೆಯವರನ್ನು ಕೇಳಿದವನು ನಾನು.

ಪೊಟ್ಟಣಗಳನ್ನು ತಾರೀಖಿನ ಪ್ರಕಾರ ಜೋಡಿಸಿದೆ. ಏಪ್ರಿಲ್‌ಗೆ ಬರುವಾಗ ನಿಧಾನವಾದೆ. ಆ ದಿನದ ಒಂದು ನಾಣ್ಯದ ಪೊಟ್ಟಣವಿತ್ತು, ಮೇಲೆ "ಎಡಗಣ್ಣು" ಎಂದು ದುಂಡಗೆ, ಗೆರೆ ಎಳೆದ ಹಾಗೆ ಬರೆದಿತ್ತು. ಹೊರಡುವ ಮೊದಲು, ಬೆಳಿಗ್ಗೆ ಕಟ್ಟಿದ್ದು.

ಅದರ ಕೆಳಗೆ ಇನ್ನೊಂದು. ಅದೇ ತಾರೀಖು. ಅಕ್ಷರಗಳು ಎಡದಿಂದ ಬಲಕ್ಕೆ ಇಳಿಜಾರಿನಲ್ಲಿ ಜಾರಿದ್ದವು. ಕೊನೆಯ ಅಕ್ಷರ ಕಾಗದದ ಅಂಚು ದಾಟಿ ಹೋಗಿತ್ತು. ಒಂದು ಕಣ್ಣಿಗೆ ಕವಚ ಹಾಕಿಕೊಂಡವರು ಬರೆದರೆ ಹಾಗಾಗುತ್ತದೆ.

"ಗೆಲುವು."

ಬಿಚ್ಚಿ ನೋಡಿದೆ. ನೋಟು ಇತ್ತು.

ಮುಂಬಾಗಿಲ ಸದ್ದಾಯಿತು. ಎಲ್ಲವನ್ನೂ ಡಬ್ಬಿಗೆ ತುಂಬಲು ಸಮಯವಿತ್ತು, ತುಂಬಲಿಲ್ಲ. ಅವಳು ಒಳಗೆ ಬಂದು ಮೇಜನ್ನು ನೋಡಿದಳು, ನನ್ನ ಕೈಯಲ್ಲಿದ್ದ ಕಾಗದವನ್ನು ನೋಡಿದಳು. ಸ್ನಾನ ಮಾಡಿದ್ರಾ ಎಂದು ಕೇಳುತ್ತಾಳೆ ಎಂದುಕೊಂಡೆ. ಕೇಳಲಿಲ್ಲ.

"ಇದನ್ನ ನಾನು ಯಾವಾಗ ಕೊಟ್ಟೆ?"

"ಕಾರಲ್ಲಿ. ನಾನು ಕಣ್ಣು ಮುಚ್ಕೊಂಡು ಒರಗಿದ್ದೆ. ನೀವು ಕೈಗೆ ಏನೋ ತುರುಕಿದ್ರಿ. ಮಾತ್ರೆ ಅಂದ್ಕೊಂಡೆ. ಮುಟ್ಟಿ ನೋಡಿದ್ರೆ ನೋಟು. 'ದೇವರ ಪಾಲು' ಅಂದ್ರಿ. ಖುಷಿಯಾಗಿದ್ರಿ ನೀವು."

"ನನಗೆ ಒಂದಿಷ್ಟೂ ನೆನಪಿಲ್ಲ."

"ಗೊತ್ತು. ಅದಕ್ಕೇ ನಾನು ಏನೂ ಅಂತಿರ್ಲಿಲ್ಲ. ಸುಳ್ಳು ಹೇಳೋರ ಹತ್ರ ಜಗಳ ಆಡಬಹುದು. ನೀವು ನಂಬ್ಕೊಂಡಿದ್ರಿ."

ಅವಳು ಎದುರಿನ ಕುರ್ಚಿಯಲ್ಲಿ ಕೂತು ಆ ದಿನವನ್ನು ಅವಳ ಕಡೆಯಿಂದ ಹೇಳಿದಳು. ಅಷ್ಟು ದಿನ ನಾನು ಕೇಳಿಯೇ ಇರಲಿಲ್ಲ. ಅವಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಹೊರಬಾಗಿಲ ಪಕ್ಕ ತಂದಿದ್ದರು. ಕರೆದೊಯ್ಯುವವರು ಬರದೆ ಕಳಿಸುವಂತಿಲ್ಲ. ನರ್ಸ್ ಮೊದಲ ಸಲ ಫೋನ್ ಮಾಡಿ, ಎತ್ತುತ್ತಿಲ್ಲ ಎಂದಳು. ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿದಳು. ಆ ನರ್ಸಿನ ಊಟದ ಹೊತ್ತು ದಾಟುತ್ತಿತ್ತು. ಪಾಪದ ಹುಡುಗಿ, ಬೇಸರ ತೋರಿಸಲಿಲ್ಲ, ಗಂಡ ಎಲ್ಲಿ ಹೋಗಿರಬಹುದು ಎಂದಷ್ಟೇ ಕೇಳಿದಳು.

"ಟ್ರಾಫಿಕ್ಕಲ್ಲಿ ಸಿಕ್ಕಿರ್ಬೇಕು ಅಂದೆ. ಮಧ್ಯಾಹ್ನ ಒಂದು ಗಂಟೆಗೆ ಎಂಥಾ ಟ್ರಾಫಿಕ್ಕು ರೀ? ಅವಳಿಗೂ ಗೊತ್ತಿತ್ತು. ನನ್ನ ಒಂದು ಕಣ್ಣು ಮುಚ್ಚಿತ್ತು, ಇನ್ನೊಂದು ಮೊದ್ಲೇ ಮಂಜು. ಎದುರಿಗೆ ಯಾರು ನಿಂತಿದ್ದಾರೆ ಅಂತ ಕಾಣ್ದೇ ಸುಳ್ಳು ಹೇಳಿದೆ. ನೀವು ಲೇಟಾಗಿದ್ದಕ್ಕೆ ಅಲ್ಲ. ಆ ಸುಳ್ಳಿಗೆ ನನಗೆ ಸಿಟ್ಟು."

ನಾನು ಇದನ್ನು ಕೇಳುತ್ತಿದ್ದಾಗ ತಲೆಯೊಳಗೆ ಏನೋ ತೆರೆದುಕೊಂಡಿತು. ಫೋನ್ ನಡುಗಿತು, ಹನ್ನೊಂದರ ಮುಂದೆ ಇನ್ನೊಂದು ಗುಡ್ಡೆ ಚಿಪ್ಸ್ ಇಟ್ಟೆ, ಎಲೆ ಬಿತ್ತು, ರಾಜನೋ ಹತ್ತೋ, ಗೆದ್ದೆ, ಇದೊಂದು ಸುತ್ತು ಎಂದುಕೊಂಡೆ, ಮತ್ತೆ ನಡುಗಿತು, ಅಂಗೈಯಿಂದ ಜೇಬನ್ನು ಒತ್ತಿ ಹಿಡಿದೆ. ಆ ಒತ್ತಿದ್ದು ಇದೆಯಲ್ಲ, ಅದು ತೊಡೆಯ ಮೇಲೆ ಈಗಲೂ ಇದ್ದಂತೆ ಅನಿಸಿತು. ಆದರೆ ಇದೂ ನೆನಪೇ ಎಂದು ಆಣೆ ಮಾಡಿ ಹೇಳಲಾರೆ. ಪೊಟ್ಟಣ ನೋಡಿದ ಮೇಲೆ, ಅವಳ ಮಾತು ಕೇಳಿದ ಮೇಲೆ ಬಂದದ್ದು. ಮೊದಲಿನ ಕಥೆ ಬೇಕೆಂದಾಗ ಅದು ಸಿಕ್ಕಿತ್ತು, ಈಗ ಇದು ಬೇಕಾಗಿದೆ, ಇದು ಸಿಕ್ಕಿದೆ. ನಾನು ಖಚಿತವಾಗಿ ಹೇಳಬಲ್ಲದ್ದು ಒಂದೇ. ನೋಟು ಅಲ್ಲಿತ್ತು, ಮತ್ತು ಆ ಅಕ್ಷರಗಳು ಜಾರಿದ್ದವು.

"ಜನವರಿಗೆ ನಾನೇ ಕರ್ಕೊಂಡು ಹೋಗ್ತೀನಿ" ಎಂದೆ.

"ಬೇಡ."

"ಮೂರು ಸಲ ಫೋನ್ ಬಂತು ಅಂತ ಒಪ್ಕೋತೀನಲ್ಲ."

"ಒಪ್ಕೊಂಡ್ರಿ. ಈಗ ನೀವೇ ಅಂದ್ರಿ, ಏನೂ ನೆನಪಿಲ್ಲ ಅಂತ. ನೆನಪೇ ಇಲ್ದೇ ಇರೋದನ್ನ ಇನ್ಮುಂದೆ ಮಾಡಲ್ಲ ಅಂತ ಹೇಗೆ ಹೇಳ್ತೀರಿ?"

ನಾನು ಬೇರೆಯವರ ಪ್ರಬಂಧಗಳಿಗೆ ಹಾಕಿದ ಎಷ್ಟೋ ಆಕ್ಷೇಪಣೆಗಳಿಗಿಂತ ಅದು ಗಟ್ಟಿಯಾಗಿತ್ತು. ಇಬ್ಬರೂ ಸೇರಿ ಪೊಟ್ಟಣಗಳನ್ನು ಮತ್ತೆ ಡಬ್ಬಿಗೆ ತುಂಬಿದೆವು. ಕೊನೆಗೆ ಅವಳು ಹೇಳಿದಳು, "ಬೇಕಾದ್ರೆ ಜೊತೆಗೆ ಬನ್ನಿ. ಡ್ರೈವ್ ಅವಳೇ ಮಾಡ್ತಾಳೆ. ಫೋನ್ ನಂಬರ್ರೂ ಅವಳದ್ದೇ ಕೊಡೋದು."

ಜನವರಿಯ ಆ ಬೆಳಿಗ್ಗೆ ಆಲ್ಡಿಯ ಗೆಳತಿ ಹೇಳಿದ್ದಕ್ಕಿಂತ ಹತ್ತು ನಿಮಿಷ ಮೊದಲೇ ಬಂದಳು. ನಾನು ಹಿಂದಿನ ಸೀಟಿನಲ್ಲಿ ಕೂತೆ. ನನ್ನನ್ನು ಕನ್ನಡಿಯಲ್ಲಿ ನೋಡಿ, "ಏನ್ರೀ ಅಣ್ಣಾರ, ಇವತ್ತ ನೀವು ಬರೇ ಪ್ಯಾಸೆಂಜರ್ ಏನ?" ಎಂದಳು.

"ಡಿಮೋಷನ್ ಆಗಿದೆ" ಎಂದೆ.

"ಆಗ್ಲಿ ಬಿಡ್ರಿ. ಹಿಂದ ಕೂತವ್ರಿಗೆ ಸ್ಟೀರಿಂಗ್ ತ್ರಾಸ ಇಲ್ಲ." ಹೆಂಡತಿ ಅವಳಿಗೆ ಏನು ಹೇಳಿದ್ದಳೋ ಗೊತ್ತಿಲ್ಲ. ಎಲ್ಲವನ್ನೂ ಹೇಳಿರಬೇಕು. ದಾರಿಯುದ್ದಕ್ಕೂ ಇಬ್ಬರೂ ಅವರೇಕಾಳಿನ ಬಗ್ಗೆ ಮಾತಾಡಿದರು.

ಈ ಸಲ ಒಳಗೆ ಕೂರಬಹುದಿತ್ತು. ನರ್ಸ್ ಹೆಂಡತಿಯನ್ನು ಕರೆದೊಯ್ದಳು. ಗೆಳತಿ ಲ್ಯಾಪ್‌ಟಾಪ್ ತೆಗೆದು ಆಫೀಸಿನ ಕೆಲಸ ಶುರು ಮಾಡಿದಳು, ಫೋನನ್ನು ಮೊಣಕಾಲ ಮೇಲೆ ಮುಖ ಮೇಲಾಗಿ ಇಟ್ಟುಕೊಂಡಳು. ನನಗೆ ಮಾಡಲು ಏನೂ ಇರಲಿಲ್ಲ. ಗೋಡೆಯ ಮೇಲೆ ದೊಡ್ಡ ಗಡಿಯಾರವಿತ್ತು.

ಮೊದಲ ಅರ್ಧ ಗಂಟೆ ಹೇಗೋ ಕಳೆಯಿತು. ಆಮೇಲೆ ಕಾಲು ಕುಣಿಯಲು ಶುರುವಾಯಿತು. ಬೆಲ್ಟ್‌ವೇ ಹತ್ತಿದರೆ ಅರ್ಧ ಗಂಟೆ, ಅಲ್ಲೊಂದು ಗಂಟೆ, ಮರಳಿ ಅರ್ಧ ಗಂಟೆ. ಯಾರೂ ಕೇಳದಿದ್ದರೂ ಲೆಕ್ಕ ತಲೆಯಲ್ಲಿ ತಾನಾಗಿ ಆಗುತ್ತಿತ್ತು. ನನ್ನ ಬಳಿ ಕಾರಿಲ್ಲ, ಆದರೆ ಫೋನಿದೆ, ಟ್ಯಾಕ್ಸಿ ಮೂರು ನಿಮಿಷದಲ್ಲಿ ಬಾಗಿಲಿಗೆ ಬರುತ್ತದೆ. ಹೋಗುವುದಿಲ್ಲ ಎಂದು ಗೊತ್ತಿತ್ತು. ಹಾಗೆ ಗೊತ್ತಿರುವುದಕ್ಕೂ ಹೋಗದೆ ಇರುವುದಕ್ಕೂ ಎಷ್ಟು ದೂರ ಎಂಬುದು ಈಗ ಗೊತ್ತಾಗಿತ್ತಲ್ಲ, ಅದೇ ಹೆದರಿಕೆ. ಎದ್ದು ಹೋಗಿ ಮುಖ ತೊಳೆದು ಬಂದೆ. ಕನ್ನಡಿಯಲ್ಲಿ ನೋಡಿಕೊಂಡಾಗ ಇದು ನನ್ನ ಹಳೆಯ ನಿಯಮ ಎಂದು ನೆನಪಾಗಿ ಕೆಟ್ಟದೆನಿಸಿತು. ಆದರೂ ಅದು ಕೆಲಸ ಮಾಡಿತು. ವಾಪಸು ಬಂದು ಅದೇ ಕುರ್ಚಿಯಲ್ಲಿ ಕೂತೆ. ಗೆಳತಿ ತಲೆ ಎತ್ತಿ ನೋಡಿ, ಒಂದು ಕಿತ್ತಳೆ ಹಣ್ಣು ಕೊಟ್ಟಳು. ಅದನ್ನು ಒಂದೊಂದೇ ತೊಳೆ ಬಿಡಿಸಿ ಇಪ್ಪತ್ತು ನಿಮಿಷ ತಿಂದೆ.

ಅವಳ ಫೋನ್ ರಿಂಗಾದದ್ದು ನಾವು ಕೂತು ಎರಡು ಗಂಟೆ ಹತ್ತು ನಿಮಿಷ ಆದಾಗ. ಅವಳು ಲ್ಯಾಪ್‌ಟಾಪ್ ಮುಚ್ಚುವಷ್ಟರಲ್ಲಿ ನಾನು ಬಾಗಿಲಲ್ಲಿದ್ದೆ. ಗಾಲಿಕುರ್ಚಿ ಬಂತು. ಬಲಗಣ್ಣಿನ ಮೇಲೆ ಕವಚ. ಎಡಗಣ್ಣಿನಿಂದ, ಆ ಏಪ್ರಿಲ್‌ನಲ್ಲಿ ಸರಿಮಾಡಿದ ಕಣ್ಣಿನಿಂದ, ಅವಳು ನನ್ನನ್ನು ನೋಡಿದಳು. ಹಿಂದೆ ನಿಂತ ಗೆಳತಿಯನ್ನು ನೋಡಿದಳು. ಮತ್ತೆ ನನ್ನನ್ನು.

"ಊಟ ಆಯ್ತಾ?" ಎಂದು ಕೇಳಿದಳು, ಗೆಳತಿಯನ್ನೋ ನನ್ನನ್ನೋ ಗೊತ್ತಾಗಲಿಲ್ಲ.

"ಕಿತ್ತಳೆ ಹಣ್ಣು ತಿಂದೆ" ಎಂದೆ ನಾನು.

ಇಲ್ಲಿ ನಿಲ್ಲಿಸಿದರೆ ಹೊಸ ಕಥೆಯೊಂದು ಚೆನ್ನಾಗಿ ಆಗುತ್ತದೆ, ಇಪ್ಪತ್ತು ಸಲ ಹೇಳುವಂಥದ್ದು. ಅದಕ್ಕೇ ನಿಲ್ಲಿಸುವುದಿಲ್ಲ. ಕಳೆದ ದೀಪಾವಳಿಯಿಂದ ಈಚೆಗೆ ನಾನು ಕ್ಯಾಸಿನೊಗೆ ಹೋಗಿಲ್ಲ ಎಂದು ನನ್ನ ನೆನಪು. ಡಬ್ಬಿಯಲ್ಲಿ ಹೊಸ ನೋಟಿಲ್ಲ. ಅದು ಪುರಾವೆಯಲ್ಲ ಎಂದು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ.

ಆಪರೇಷನ್ ಆದ ಮರುದಿನ ಬೆಳಿಗ್ಗೆ ಎಂಟೂವರೆಗೆ ಕಣ್ಣು ತೋರಿಸಿಕೊಂಡು ಬರಬೇಕಿತ್ತು. ಗೆಳತಿಗೆ ಅಂದು ಆಫೀಸಿನಲ್ಲಿ ತಪ್ಪಿಸಲಾಗದ ಮೀಟಿಂಗ್. ಆಪರೇಷನ್ ದಿನದ ಸಂಜೆಯೇ ಅದನ್ನು ಹೇಳಿ, ಬೇಕಾದರೆ ಮೀಟಿಂಗ್ ಬಿಟ್ಟು ಬರುತ್ತೇನೆ ಎಂದೂ ಹೇಳಿ ಹೋಗಿದ್ದಳು. ಅವಳು ಹೋದ ಮೇಲೆ ಹೆಂಡತಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ನಾನು ಕಣ್ಣಿಗೆ ಹನಿ ಹಾಕುವುದನ್ನೇ ಕಾಯುತ್ತಿದ್ದಳು. ಕವಚ ತೆಗೆದು ಹನಿ ಹಾಕಿದೆ. ಅವಳು ತಲೆ ಹಿಂದಕ್ಕೆ ಚೆಲ್ಲಿ, ಎರಡೂ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ನಾಳೆ ಅಷ್ಟು ಬೆಳಿಗ್ಗೆ ನಿಮ್ಮ ಕ್ಯಾಸಿನೊ ತೆಗೆದಿರತ್ತಾ?"

ಇಲ್ಲ ಎನ್ನುವುದು ಬಹಳ ಸುಲಭವಿತ್ತು. ಅವಳು ನಂಬುತ್ತಿದ್ದಳೋ ಏನೋ.

"ಅದು ಇಪ್ಪತ್ನಾಲ್ಕು ಗಂಟೆನೂ ತೆಗೆದಿರತ್ತೆ" ಎಂದೆ.

ಹನಿ ಕೆನ್ನೆಯ ಮೇಲೆ ಇಳಿಯಿತು. ಅವಳು ಅದನ್ನು ಸೆರಗಿನಿಂದ ಒರೆಸಿಕೊಂಡಳು.

"ಗೊತ್ತು ನನಗೆ. ಏನಂತೀರಿ ನೋಡೋಣ ಅಂತ ಕೇಳಿದೆ."

ಕಾರಿನ ಕೀ ಫ್ರಿಜ್ಜಿನ ಪಕ್ಕದ ಕೊಕ್ಕೆಯಲ್ಲಿ ಇರುತ್ತದೆ. ಅವಳು ಕಣ್ಣು ಮುಚ್ಚಿಕೊಂಡೇ ಕೈ ಚಾಚಿ, ತಡವರಿಸಿ, ಅದನ್ನು ತೆಗೆದು ನನ್ನ ಕಡೆ ಹಿಡಿದಳು.

"ಏಳೂಮುಕ್ಕಾಲಿಗೆ ಹೊರಡೋಣ. ಒಳಗೇ ಕೂತ್ಕೊಳ್ಳಿ. ಅವಳಿಗೂ ಒಂದು ಮಾತು ಹೇಳಿಟ್ಟಿರ್ತೀನಿ, ಫೋನ್ ಕೈಯಲ್ಲೇ ಇಟ್ಕೊಂಡಿರು ಅಂತ."

"ಹೇಳಿಡು" ಎಂದು ಕೀ ತೆಗೆದುಕೊಂಡೆ.